ದುರ್ಗದ ಸೀಮೆಗೆ ಅನ್ನವಿಟ್ಟವರು

ಕಳೆದ ಬೇಸಗೆಯ ರಜೆಗೆ ಬೆಂಗಳೂರಿನಿಂದ ಬಂದಿದ್ದ ನನ್ನ ಮೊಮ್ಮಗನನ್ನು ಚಿತ್ರದುರ್ಗದ ಕೋಟೆಗೆ ಕರೆದುಕೊಂಡು ಹೋಗಿದ್ದೆ. ಒನಕೆ ಓಬವ್ವನ ಕಿಂಡಿಯಲ್ಲಿ ನುಸುಳಿ, ಉಯ್ಯಾಲೆ ಕಂಬದ ನೆರಳಿನಲ್ಲಿ ಕುಳಿತು, ಬುತ್ತಿ ಬಿಚ್ಚಿದ ಹೊತ್ತಿನಲ್ಲಿ ಅವನು ಕೆಳಗೆ ಹರಡಿದ ಊರನ್ನು ನೋಡುತ್ತ ಕೇಳಿದ: “ತಾತ, ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಇದೆ. ಕೋಲಾರದಲ್ಲಿ ಚಿನ್ನದ ಗಣಿ ಇತ್ತಂತೆ. ನಿಮ್ಮ ದುರ್ಗದಲ್ಲಿ ಏನಿದೆ? ಇಲ್ಲಿಯವರೆಲ್ಲ ಎಲ್ಲಿ ಕೆಲಸಕ್ಕೆ ಹೋಗುತ್ತಾರೆ?”

ಪ್ರಶ್ನೆ ಚಿಕ್ಕದು. ಉತ್ತರ ನನ್ನ ನಾಲಗೆಯ ತುದಿಗೆ ಬರಲಿಲ್ಲ. ದುರ್ಗವೆಂದೊಡನೆ ನಾವು ಏಳು ಸುತ್ತಿನ ಕೋಟೆಯನ್ನು ಹೇಳುತ್ತೇವೆ, ಮದಕರಿ ನಾಯಕನನ್ನು ಹೇಳುತ್ತೇವೆ, ತ.ರಾ.ಸು. ಅವರ ಕಾದಂಬರಿಗಳನ್ನು ಹೇಳುತ್ತೇವೆ. ಕತ್ತಿಯ ಕಥೆ ನಮಗೆ ಬಾಯಿಪಾಠವಾಗಿದೆ. ಒಲೆಯ ಕಥೆ ಬರುವುದಿಲ್ಲ. ಈ ಸೀಮೆಯಲ್ಲಿ ಯಾರ ಮನೆಯ ಒಲೆ ಯಾರಿಂದ ಉರಿಯಿತು, ಆ ಅನ್ನದಾತ ಹೊರಟುಹೋದ ಮೇಲೆ ಒಲೆ ಏನಾಯಿತು ಎಂದು ಕೇಳಿಕೊಂಡವರು ವಿರಳ. ಆ ಹುಡುಗನಿಗೆ ಅಂದು ಹೇಳಲಾಗದೆ ಉಳಿದ ಉತ್ತರವನ್ನು ಇಂದು ತಮ್ಮ ಮುಂದೆ ಹೇಳಲು ಯತ್ನಿಸುತ್ತೇನೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳು ಮಲೆನಾಡಿನ ಬೆನ್ನಿಗೆ ಬಿದ್ದ ಬಯಲು. ಪಡುವಣದ ಮೋಡ ಬಾಬಾಬುಡನ್ ಗಿರಿಗಳ ಆಚೆಗೆ ತನ್ನ ಕೊಡವನ್ನು ಬರಿದುಮಾಡಿ, ಖಾಲಿ ಕೈಯಲ್ಲಿ ನಮ್ಮ ತಲೆಯ ಮೇಲೆ ಹಾದುಹೋಗುತ್ತದೆ. ಇಂಥ ನೆಲದಲ್ಲಿ ಮನುಷ್ಯ ಬದುಕಿದ ರೀತಿಯನ್ನು ಅರಿಯಬೇಕಾದರೆ ದುರ್ಗದ ಬೆಟ್ಟದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಗೆ ಹೋಗಬೇಕು. 1929ರಲ್ಲಿ ಡಾ. ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಅಲ್ಲಿ ಅಗೆದಾಗ ಶಾತವಾಹನರ ನಾಣ್ಯಗಳ ಜೊತೆಗೆ ರೋಮಿನ ಬೆಳ್ಳಿಯ ನಾಣ್ಯಗಳೂ ದೊರೆತವು. ಎರಡು ಸಾವಿರ ವರ್ಷಗಳ ಹಿಂದೆ ಕಡಲಾಚೆಯ ಹಣ ಈ ಒಣಬಯಲಿಗೆ ಬಂದಿತ್ತು ಎಂದರೆ, ಇಲ್ಲಿಂದ ಏನೋ ಒಂದು ಸರಕು ಹೊರಗೆ ಹೋಗಿರಲೇಬೇಕು, ಅದನ್ನು ಮಾಡಿದ ಕೈಗಳೂ ಇದ್ದಿರಬೇಕು. ನಾಣ್ಯ ಸಿಕ್ಕಿತು, ಕೈಗಳ ಹೆಸರು ಸಿಗಲಿಲ್ಲ.

ಅದೇ ಚಂದ್ರವಳ್ಳಿಯಲ್ಲಿ, ಭೈರವೇಶ್ವರನ ಗುಡಿಯ ಬಳಿಯ ಬಂಡೆಯೊಂದರ ಮೇಲೆ, ಕದಂಬ ಮಯೂರಶರ್ಮನ ಶಾಸನವಿದೆ. ಕನ್ನಡಿಗರ ಮೊದಲ ರಾಜವಂಶವನ್ನು ಸ್ಥಾಪಿಸಿದವನೆಂದು ನಾವು ಹೆಮ್ಮೆಪಡುವ ಆ ಅರಸ ಅಲ್ಲಿ ಬರೆಯಿಸಿರುವ ಮುಖ್ಯ ಸಂಗತಿ ಯಾವುದು? ಒಂದು ಕೆರೆಯ ಕೆಲಸ. ಗೆದ್ದ ದೇಶಗಳೆಂದು ವಿದ್ವಾಂಸರು ಚರ್ಚಿಸುವ ಹೆಸರುಗಳೂ ಅದರಲ್ಲಿವೆ. ಆದರೆ ಕಲ್ಲು ಕೊರೆಯಲು ಕಾರಣವಾದದ್ದು ನೀರು. ಈ ಸೀಮೆಯ ಆರ್ಥಿಕ ಚರಿತ್ರೆಗೆ ಇದಕ್ಕಿಂತ ಉತ್ತಮವಾದ ಮೊದಲ ಪುಟವನ್ನು ನಾನು ಬಯಸಲಾರೆ.

ಅಲ್ಲಿಂದ ನಾಯಕರ ಕಾಲಕ್ಕೆ ಬರೋಣ. ಹದಿನಾರನೆಯ ಶತಮಾನದಲ್ಲಿ ತಿಮ್ಮಣ್ಣ ನಾಯಕನಿಂದ ಮೊದಲಾಗಿ ಸುಮಾರು ಇನ್ನೂರು ವರ್ಷ ಕಾಲ ಈ ಬೆಟ್ಟವನ್ನು ಆಳಿದ ಮನೆತನಕ್ಕೆ ಕೋಟೆ ಬರಿಯ ಯುದ್ಧದ ಸಾಧನವಾಗಿರಲಿಲ್ಲ. ಅದು ಈ ಸೀಮೆಯ ಅತಿದೊಡ್ಡ ಕಾರ್ಖಾನೆಯಾಗಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಬೆಟ್ಟದ ಮೇಲೆ ಇಂದಿಗೂ ಟಂಕಸಾಲೆಯನ್ನು ತೋರಿಸುತ್ತಾರೆ. ದುರ್ಗಿ ಎಂಬ ಹೆಸರಿನ ವರಹ ಅಲ್ಲಿ ಅಚ್ಚಾಗುತ್ತಿತ್ತು. ಕಣಜಗಳಿವೆ, ಎಣ್ಣೆಯ ಕೊಳಗಳಿವೆ, ಗರಡಿಯ ಮನೆಯಿದೆ. ಮದ್ದು ಅರೆಯುತ್ತಿದ್ದ ಬೃಹತ್ತಾದ ಬೀಸುವ ಕಲ್ಲುಗಳಿವೆ. ಒಂದೊಂದು ಕಲ್ಲಿನ ಹಿಂದೆಯೂ ಕೂಲಿ ಪಡೆದ ಜನರಿದ್ದರು: ಬಂಡೆ ಸೀಳುವ ಕಲ್ಲುಕುಟಿಗರು, ಕಮ್ಮಾರರು, ಬಡಗಿಗಳು, ಗಾಣದವರು, ಕುದುರೆಗೆ ಹುಲ್ಲು ಹೊರುವವರು, ಬತೇರಿಗಳ ಮೇಲೆ ರಾತ್ರಿ ಕಳೆಯುವ ಕಾವಲಿನವರು.

ಓಬವ್ವನ ಕಥೆಯನ್ನೇ ನೋಡಿ. ಅದನ್ನು ನಾವು ಶೌರ್ಯದ ಕಥೆಯಾಗಿ ಕೇಳುತ್ತೇವೆ. ಹಾಗೆ ಕೇಳುವುದು ಸರಿಯೇ. ಆದರೆ ಅದು ಒಬ್ಬ ಸಂಬಳದ ಕಾವಲುಗಾರನ ಮನೆಯ ಕಥೆಯೂ ಹೌದಲ್ಲವೆ? ಗಂಡ ಪಾಳಿಯ ನಡುವೆ ಊಟಕ್ಕೆ ಮನೆಗೆ ಬಂದಿದ್ದ, ಹೆಂಡತಿ ನೀರು ತರಲು ಹೊರಟಳು. ಅಂದರೆ ಕೋಟೆಯೊಳಗೆ ದುಡಿಮೆಯ ಹೊತ್ತಿತ್ತು, ಊಟದ ಬಿಡುವಿತ್ತು, ಬಿಂದಿಗೆ ಹಿಡಿದು ಹೋಗಬೇಕಾದ ನೀರಿನ ತಾವಿತ್ತು. ನಮ್ಮ ನಾಡಿನ ಈ ವೀರಗಾಥೆ ಒಬ್ಬ ನೌಕರನ ಊಟದ ಬಿಡುವಿನಲ್ಲಿ ನಡೆದದ್ದು.

ಈ ಮಹಾ ಯಜಮಾನಿಕೆ ಮುರಿದುಬಿದ್ದದ್ದು 1779ರಲ್ಲಿ. ಹೈದರ್ ಅಲಿ ಕೋಟೆಯನ್ನು ಹಿಡಿದ, ಮದಕರಿ ನಾಯಕ ಸೆರೆಯಾದ. ಚರಿತ್ರೆಯ ಪುಸ್ತಕ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ಆದರೆ ಅದರ ಮುಂದಿನ ಸಾಲು ನನ್ನನ್ನು ಹೆಚ್ಚು ಕಾಡಿದೆ. ಸುಮಾರು 20,000 ಬೇಡರನ್ನು ಹೈದರ್ ಶ್ರೀರಂಗಪಟ್ಟಣಕ್ಕೆ ಸಾಗಿಸಿದನೆಂದೂ, ಅವರಲ್ಲಿ ತಕ್ಕ ವಯಸ್ಸಿನ ಹುಡುಗರನ್ನು ಚೇಲಾ ಎಂಬ ಪಡೆಗಳಿಗೆ ಸೇರಿಸಿದನೆಂದೂ ಇಂಗ್ಲಿಷ್ ಚರಿತ್ರಕಾರರು ಬರೆದಿದ್ದಾರೆ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಯಜಮಾನ ಬದಲಾದಾಗ ಕಾರ್ಖಾನೆಯ ಜೊತೆಗೆ ಕೆಲಸಗಾರರನ್ನೂ ಕಿತ್ತುಕೊಂಡು ಹೋದಂತೆ. ಒಂದು ಬೆಟ್ಟದಿಂದ ಇಪ್ಪತ್ತು ಸಾವಿರ ಜೋಡಿ ಕೈಗಳು ಹೊರಟುಹೋದ ಮೇಲೆ ಆ ಊರಿನ ಸಂತೆ ಹೇಗೆ ನಡೆದಿರಬಹುದು?

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ದುರ್ಗವನ್ನು ಬರಿದು ಮಾಡಿದ ಅದೇ ಹೈದರ್, ಪಕ್ಕದ ದಾವಣಗೆರೆಯನ್ನು ಒಬ್ಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಆ ಸರದಾರ ವರ್ತಕರನ್ನು ಕರೆದು ನೆಲೆಗೊಳಿಸಿದ. ಒಂದು ಕೈಯಿಂದ ಸೈನಿಕರ ಊರು ಇಳಿಯಿತು, ಇನ್ನೊಂದು ಕೈಯಿಂದ ವ್ಯಾಪಾರಿಗಳ ಊರು ಏರಿತು. ಮುಂದೆ ನೂರೈವತ್ತು ವರ್ಷಗಳಾದ ಮೇಲೆ ನಮ್ಮ ಸೀಮೆಯ ಹುಡುಗರು ಕೆಲಸವನ್ನು ಅರಸಿ ದಾವಣಗೆರೆಯ ದಾರಿ ಹಿಡಿದುದಕ್ಕೆ ಬೀಜ ಬಿದ್ದದ್ದು ಆಗಲೇ.

ಹಾಗಾದರೆ ನಾಯಕರ ಕೋಟೆ ಊರಿಗೆ ಏನನ್ನು ಉಳಿಸಿತು? ಟಂಕಸಾಲೆಯಲ್ಲಿ ನಾಣ್ಯವಿಲ್ಲ, ಕಣಜದಲ್ಲಿ ಕಾಳಿಲ್ಲ. ಉಳಿದದ್ದು ಹೊಂಡಗಳು. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡದಲ್ಲಿ ನಿಂತು, ಅದು ತುಂಬಿದ ಮೇಲೆ ಅಕ್ಕ-ತಂಗಿಯರ ಹೊಂಡಕ್ಕೆ ಇಳಿದು, ಅಲ್ಲಿಂದ ಸಿಹಿನೀರು ಹೊಂಡಕ್ಕೆ ಬಂದು, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ ಸೇರುವ ಆ ಏರ್ಪಾಟು, ಅದನ್ನು ಕಟ್ಟಿಸಿದವರು ಅಳಿದ ಮೇಲೂ ಊರಿಗೆ ನೀರುಣಿಸಿತು. ಒಬ್ಬ ಯಜಮಾನನನ್ನು ಅಳೆಯಬೇಕಾದರೆ ಅವನು ಇದ್ದಾಗ ಎಷ್ಟು ಜನಕ್ಕೆ ಸಂಬಳ ಕೊಟ್ಟ ಎಂಬುದೊಂದೇ ಸಾಲದು. ಅವನು ಹೋದ ಮೇಲೆ ಊರಿಗೆ ಏನು ಉಳಿಯಿತು ಎಂಬುದನ್ನೂ ಕೇಳಬೇಕು. ಇಂದಿನ ನನ್ನ ಮಾತಿಗೆಲ್ಲ ಇದೇ ಅಳತೆಗೋಲು.

ಟಿಪ್ಪು ಸುಲ್ತಾನನ ಪತನವಾದ ಮರುವರ್ಷವೇ, 1800ರಲ್ಲಿ, ಕಂಪನಿ ಸರ್ಕಾರ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆಯ ಬೇಸಾಯ ಮತ್ತು ಕೈಕಸುಬುಗಳನ್ನು ನೋಡಿಬರಲು ಕಳುಹಿಸಿತು. ಆತ ನಮ್ಮ ಕಡೆಯಲ್ಲೂ ಸಂಚರಿಸಿದ. ಮರಾಠರ ಪರಶುರಾಮ ಭಾವುವಿನ ದಂಡು ಹಾದುಹೋದ ಹಿರಿಯೂರಿನ ಸುತ್ತಿನ ಹಾಳನ್ನು ಕಂಡ. ಹೊಸದುರ್ಗ ಸೀಮೆಯ ಮತ್ತೋಡಿಗೂ ಬಂದ. ಅಲ್ಲಿ ಅವನ ಕಣ್ಣಿಗೆ ಬಿದ್ದದ್ದು ಗಾಜಿನ ಬಳೆಯ ಕುಲುಮೆಗಳು.

ಮತ್ತೋಡಿನ ಬಳೆ ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಬುಕಾನನ್ನನಿಂದಲ್ಲ, ನನ್ನ ಅಜ್ಜಿಯಿಂದ. ಅವಳ ತವರು ಆ ಕಡೆಯದು. ಸಂತೆಯಲ್ಲಿ ಬಳೆ ತೊಡಿಸಿಕೊಂಡು ಬಂದ ಸೊಸೆಯರ ಕೈಗಳನ್ನು ಹಿಡಿದು ನೋಡಿ, “ಇವು ಊದಿದರೆ ಒಡೆಯುತ್ತವೆ ಕಣೇ, ಮತ್ತೋಡಿನ ಬಳೆ ಆಗಿದ್ದರೆ ಮಗಳಿಗೂ ಬರುತ್ತಿತ್ತು” ಎನ್ನುತ್ತಿದ್ದಳು. ಅವಳೂ ಅವನ್ನು ತೊಟ್ಟವಳಲ್ಲ. ಅವಳ ಅಜ್ಜಿ ತೊಟ್ಟಿದ್ದಳಂತೆ. ಬಹಳ ವರ್ಷಗಳ ಮೇಲೆ ಬುಕಾನನ್ನನ ಪುಸ್ತಕವನ್ನು ತೆರೆದಾಗ ಅಜ್ಜಿಯ ಮಾತಿಗೆ ಸಾಕ್ಷಿ ಸಿಕ್ಕಿತು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಎಂದು ಐದು ಬಗೆಯ ಗಾಜು ಅಲ್ಲಿ ಆಗುತ್ತಿತ್ತು. ಕಪ್ಪು ಬಳೆಗೆ ಹೆಚ್ಚು ಬೇಡಿಕೆ. ಕೋಟೆಯ ಗೋಡೆಯ ಒಳಮೈಗೆ ಒತ್ತಿ ಕಟ್ಟಿದ ಎತ್ತರದ ಜಗಲಿಯ ಮೇಲೆ, ಬೋರಲು ಹಾಕಿದ ಮೂಸೆಯಂತಿದ್ದ ಕುಲುಮೆಗಳು. ಬೇಕಾದ ಸಾಮಗ್ರಿಯೆಲ್ಲ ಸುತ್ತಿನ ನೆಲದ್ದೇ: ಸವುಳು ಮಣ್ಣಿನಿಂದ ತೆಗೆದ ಉಪ್ಪು, ಬೆಣಚುಕಲ್ಲು, ಅದಿರು. ಬೆಳೆಗೆ ಬಾರದ ಚೌಳು ನೆಲದಿಂದ ಹೆಣ್ಣುಮಕ್ಕಳ ಕೈಗೆ ಬಣ್ಣ ಬಂದಿತ್ತು ಎಂಬುದನ್ನು ನೆನೆದರೆ ನನಗೆ ಈಗಲೂ ಆಶ್ಚರ್ಯವಾಗುತ್ತದೆ.

ಈ ಕುಲುಮೆಗಳು ಆರಿದವು. ದೂರದ ಊರುಗಳ ಅಗ್ಗದ, ಹೊಳಪಿನ ಬಳೆ ಸಂತೆಗೆ ಬಂದಾಗ ಮತ್ತೋಡಿನ ಬಳೆಗೆ ಗಿರಾಕಿ ತಪ್ಪಿದ. ಇಂಥ ಕಸುಬಿನ ಸಾವು ಕೋಟೆಯ ಸಾವಿನ ಹಾಗಲ್ಲ. ಅಲ್ಲಿ ಫಿರಂಗಿಯ ಸದ್ದಿಲ್ಲ, ಸೆರೆಯಾದ ಅರಸನಿಲ್ಲ. ಒಬ್ಬ ತಂದೆ ತನ್ನ ಮಗನಿಗೆ ಕುಲುಮೆಯ ಹದವನ್ನು ಹೇಳಿಕೊಡದೆ ಸುಮ್ಮನಾಗುತ್ತಾನೆ, ಅಷ್ಟೆ. ಹೊಂಡ ಉಳಿಯಿತು, ಏಕೆಂದರೆ ಅದು ಕಲ್ಲಿನಲ್ಲಿತ್ತು. ಹದ ಉಳಿಯಲಿಲ್ಲ, ಏಕೆಂದರೆ ಅದು ಕೈಯಲ್ಲಿತ್ತು. ಇನ್ನೊಂದು ಕೈಗೆ ದಾಟದೆ ಹೋದ ವಿದ್ಯೆಯನ್ನು ಯಾವ ಉತ್ಖನನವೂ ಎತ್ತಿ ಕೊಡಲಾರದು.

ಗಾಜಿನಷ್ಟು ಬೇಗ ಸಾಯದ ಇನ್ನೊಂದು ಕಸುಬು ನಮ್ಮಲ್ಲಿ ಇದ್ದಿತು, ಕಂಬಳಿಯದು. ಒಣಬಯಲಿನಲ್ಲಿ ಬೆಳೆ ಕೈಕೊಟ್ಟರೂ ಕುರಿ ಕೈಬಿಡುವುದಿಲ್ಲ. ಹಿರಿಯೂರು ಮತ್ತು ಪಕ್ಕದ ಚಳ್ಳಕೆರೆಯ ಸೀಮೆಯಲ್ಲಿ ಕುರುಬರ ಮನೆಗಳಲ್ಲಿ ಹೆಂಗಸರು ಉಣ್ಣೆ ನೂತರು, ಗಂಡಸರು ಕುಣಿಮಗ್ಗದಲ್ಲಿ ನೆಯ್ದರು, ಹುಣಿಸೆ ಬೀಜದ ಸರಿಯನ್ನು ಹಾಸಿಗೆ ಹಚ್ಚಿ ಗಟ್ಟಿಮಾಡಿದರು. ಈ ಕಾರ್ಖಾನೆಗೆ ಗೋಡೆಯಿರಲಿಲ್ಲ, ಕೂಗುವ ಸೈರನ್ ಇರಲಿಲ್ಲ. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ಕಣದಲ್ಲಿ ಹಾಸು, ದೇವರ ಕಾರ್ಯದಲ್ಲಿ ಗದ್ದುಗೆ ಎಂದು ಒಂದೇ ಕಂಬಳಿ ಹತ್ತು ಕೆಲಸಕ್ಕೆ ಬಂದುದರಿಂದ ಕೊಳ್ಳುವವರೂ ಪಕ್ಕದವರೇ ಆಗಿದ್ದರು. ಕೆಲವು ವರ್ಷಗಳ ಹಿಂದೆ ಹಿರಿಯೂರಿನ ಆಚೆಯ ಹಳ್ಳಿಯೊಂದರಲ್ಲಿ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತಿದ್ದ ಮುದುಕನೊಬ್ಬನನ್ನು ಕಂಡು, “ಯಜಮಾನರೆ, ಮಕ್ಕಳು ಈ ಕೆಲಸ ಕಲಿತಿದ್ದಾರೆಯೆ?” ಎಂದು ಕೇಳಿದೆ. ಆತ ಲಾಳಿಯನ್ನು ನಿಲ್ಲಿಸದೆಯೇ, “ಕಲಿತವ್ರೆ ಸ್ವಾಮಿ, ಮರೆಯೋದನ್ನೂ ಕಲಿತವ್ರೆ” ಎಂದ. ಆ ಮಾತು ನನ್ನನ್ನು ಬಿಟ್ಟಿಲ್ಲ.

ಇನ್ನು ಈ ಸೀಮೆಯ ಚರಿತ್ರೆಯನ್ನು ಎರಡು ಭಾಗ ಮಾಡಿದ ಸಂಗತಿಗೆ ಬರುತ್ತೇನೆ. 1876ರಿಂದ 1878ರವರೆಗಿನ ಬರವನ್ನು ನಮ್ಮ ಹಿರಿಯರು ಧಾತು-ಈಶ್ವರದ ಬರವೆಂದು ಸಂವತ್ಸರಗಳ ಹೆಸರಿನಿಂದಲೇ ನೆನೆಯುತ್ತಿದ್ದರು. ಮೈಸೂರು ಸಂಸ್ಥಾನದ ಸುಮಾರು ಐವತ್ತು ಲಕ್ಷ ಜನರಲ್ಲಿ ಹತ್ತು ಲಕ್ಷದಷ್ಟು ಜನ ಆ ಬರದಲ್ಲಿ ಇಲ್ಲವಾದರೆಂದು ಲೆಕ್ಕವಿದೆ. ಮಳೆಯನ್ನೇ ನಂಬಿದ ನಮ್ಮಂಥ ಸೀಮೆಗಳಿಗೆ ಬಿದ್ದ ಪೆಟ್ಟು ಎಂಥದೆಂದು ಹೇಳಬೇಕಾಗಿಲ್ಲ. ಬಾಬಾಬುಡನ್ ಗಿರಿಯಲ್ಲಿ ವೇದಾ, ಅವತಿ ಎಂದು ಎರಡಾಗಿ ಹುಟ್ಟಿ, ಕಡೂರಿನ ಬಳಿ ಒಂದಾಗಿ, ಹೊಸದುರ್ಗವನ್ನು ಹಾದು ಹಿರಿಯೂರಿಗೆ ಬರುವ ವೇದಾವತಿಯನ್ನು ಮಾರಿಕಣಿವೆಯಲ್ಲಿ ತಡೆದು ನಿಲ್ಲಿಸುವ ಆಲೋಚನೆ ಹಳೆಯದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1898ರಲ್ಲಿ, ಅದು ಕೆಲಸವಾಯಿತು. ಆಗ ರಾಜಪ್ರತಿನಿಧಿಯಾಗಿ ಆಳುತ್ತಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ವಾಣೀವಿಲಾಸ ಎಂಬ ಬಿರುದೇ ಜಲಾಶಯದ ಹೆಸರಾಯಿತು. 1907ರಲ್ಲಿ ಕಟ್ಟೆ ಮುಗಿಯಿತು. ಸಿಮೆಂಟಿಲ್ಲ, ಕಲ್ಲು, ಸುಣ್ಣ, ಸುರ್ಕಿಯ ಗಾರೆ. ಒಂಬತ್ತು ವರ್ಷ ಕಾಲ ಕಲ್ಲು ಒಡೆದವರಿಗೆ, ಗಾರೆ ಅರೆದವರಿಗೆ, ಮಣ್ಣು ಹೊತ್ತವರಿಗೆ ಮಾರಿಕಣಿವೆಯೇ ಅನ್ನದ ಮನೆಯಾಯಿತು.

ಆದರೆ ಕಟ್ಟೆ ಮುಗಿದ ದಿನವೇ ಸೀಮೆ ಹಸಿರಾಯಿತೆಂದು ತಿಳಿಯಬಾರದು. ಹೊಸದುರ್ಗದ ಕಡೆಯ ಹಳ್ಳಿಗಳು ನೀರಿನೊಳಗೆ ಹೋದವು. ಒಬ್ಬರ ಹೊಲ ಮುಳುಗಿ ಇನ್ನೊಬ್ಬರ ಹೊಲಕ್ಕೆ ಕಾಲುವೆ ಬಂತು. ನೀರು ನಿಂತಲ್ಲಿ ಸೊಳ್ಳೆ ಬಂತು, ಸೊಳ್ಳೆಯೊಡನೆ ಚಳಿಜ್ವರ ಬಂತು. ಕಾಲುವೆಯ ಬದಿಯ ಊರುಗಳಲ್ಲಿ ಮಲೇರಿಯಾ ಎಷ್ಟು ಬಲವಾಗಿತ್ತೆಂದರೆ, 1920ರ ದಶಕದ ಕೊನೆಯಲ್ಲಿ ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅದನ್ನು ಅಭ್ಯಸಿಸಲು ಆರಿಸಿದ ತಾಣಗಳಲ್ಲಿ ಮಾರಿಕಣಿವೆಯೂ ಒಂದು. ಜಲಾಶಯವಾದರೂ ತುಂಬಲೊಲ್ಲದು. ಕಟ್ಟೆಯಾದ ಇಪ್ಪತ್ತಾರು ವರ್ಷಗಳ ಮೇಲೆ, 1933ರಲ್ಲಿ, ಮೊತ್ತಮೊದಲ ಬಾರಿಗೆ ಕೋಡಿ ಹರಿಯಿತು. ಅಷ್ಟರಲ್ಲಿ ಅದನ್ನು ಹಣದ ಪೋಲು ಎಂದವರ ತಲೆಮಾರೇ ಕಳೆದುಹೋಗಿತ್ತು. ಅಷ್ಟಾದರೂ ಹಿರಿಯೂರಿನ ಕಾಲುವೆಯಡಿಯ ಕಬ್ಬು, ಭತ್ತ, ತೆಂಗು, ಬಬ್ಬೂರಿನ ಕೃಷಿ ಕ್ಷೇತ್ರ, ಗಾಣ, ಗಾಡಿ, ಸಂತೆ ಎಲ್ಲವೂ ಬೆಳೆದದ್ದು ಆ ನೀರಿನ ದಯೆಯಿಂದ. ಸಂಬಳದ ಪುಸ್ತಕದಲ್ಲಿ ಹೆಸರು ಬರೆಯದೆಯೇ ಇಷ್ಟು ಜನಕ್ಕೆ ಕೆಲಸ ಕೊಟ್ಟ ಯಜಮಾನ ನಮ್ಮಲ್ಲಿ ಬೇರೊಬ್ಬನಿಲ್ಲ.

ಇಷ್ಟು ಹೊತ್ತಿಗೆ ಹೊಸ ಬಗೆಯ ಯಜಮಾನರು ಬರತೊಡಗಿದ್ದರು. ದಾವಣಗೆರೆ 1997ರವರೆಗೆ ನಮ್ಮ ಚಿತ್ರದುರ್ಗ ಜಿಲ್ಲೆಯದೇ ಊರು. ಜಿಲ್ಲೆಯಲ್ಲಿ ದೊಡ್ಡ ನಗರವೆಂದರೆ ಅದೇ. 1930ರ ದಶಕದಿಂದ ಅಲ್ಲಿ ಹತ್ತಿಯ ಗಿರಣಿಗಳು ಒಂದಾದ ಮೇಲೊಂದು ಎದ್ದು, ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರು ಬಂತು. ನೆರೆಯ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಯಂತ್ರೋಪಕರಣಗಳಿಗಾಗಿ ಸ್ಥಾಪನೆಯಾಯಿತು. ಹೊಳಲ್ಕೆರೆ, ಹೊಸದುರ್ಗಗಳ ಒಣ ಹೊಲಗಳನ್ನು ಬಿಟ್ಟು ಹುಡುಗರು ಚಿಕ್ಕಜಾಜೂರಿನಲ್ಲಿ ರೈಲು ಹತ್ತಿದರು. ನನ್ನ ಸೋದರಮಾವನೂ ಅವರಲ್ಲಿ ಒಬ್ಬ. ತಿಂಗಳ ಮೊದಲ ವಾರ ಅವನು ಮನೆಗೆ ಬಂದಾಗ ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿರುತ್ತಿತ್ತು, ಕೈಯಲ್ಲಿ ಮಂಡಕ್ಕಿಯ ಪೊಟ್ಟಣ ಇರುತ್ತಿತ್ತು. ಮಳೆ ಬಂದರೂ ಬಾರದಿದ್ದರೂ ತಿಂಗಳಿಗೊಮ್ಮೆ ಕೈಸೇರುವ ಹಣ ಎಂಬುದನ್ನು ನಮ್ಮ ಮನೆತನದಲ್ಲಿ ಮೊದಲು ಕಂಡವನು ಅವನೇ. ನನ್ನ ತಾಯಿ ಅವನನ್ನು ನೋಡುತ್ತಿದ್ದ ನೋಟದಲ್ಲಿ ಅರಸನನ್ನು ನೋಡುವ ಗೌರವವಿತ್ತು.

ಅವನ ಗಿರಣಿ ಒಂದು ದಿನ ಬಾಗಿಲು ಹಾಕಿತು. ಅದರ ಹೆಸರು ಇಲ್ಲಿ ಬೇಡ. ಆ ಒಂದು ಗಿರಣಿಯ ಮಾತೂ ಅಲ್ಲ. 1980ರ ದಶಕದಿಂದ ಮುಂದೆ ದೇಶದ ಹತ್ತಿ ಗಿರಣಿಗಳಿಗೆಲ್ಲ ಬಂದ ಕಂಟಕ ದಾವಣಗೆರೆಯ ಗಿರಣಿಗಳಿಗೂ ಬಂತು. ಹಳೆಯ ಯಂತ್ರ, ಅಗ್ಗದ ವಿದ್ಯುತ್‌ಮಗ್ಗದ ಪೈಪೋಟಿ, ಕೃತಕ ನೂಲು, ಬೆಳೆದ ಸಾಲ. ಮಾವ ಬರಬೇಕಾದ ಬಾಕಿಗಾಗಿ ವರ್ಷಗಟ್ಟಲೆ ಅಲೆದ, ಅರ್ಧ ಸಿಕ್ಕಿತು. ಅವನಿಗೆ ಹಣಕ್ಕಿಂತ ಹೆಚ್ಚಾಗಿ ನೋವಾದದ್ದು ಬೇರೆಯದಕ್ಕೆ. ಇಪ್ಪತ್ತೆಂಟು ವರ್ಷ ಕಡಿದ ನೂಲನ್ನು ಕಣ್ಣುಮುಚ್ಚಿ ಜೋಡಿಸಿದ ಬೆರಳುಗಳಿಗೆ ಊರಿನಲ್ಲಿ ಬೇರೆ ಕೆಲಸವಿರಲಿಲ್ಲ. ಹೊಲಕ್ಕೆ ಹೋದರೆ ನೇಗಿಲಿನ ಹದ ತಪ್ಪಿತ್ತು. ಮತ್ತೋಡಿನ ಕುಲುಮೆಯವರಿಗೆ ಆದದ್ದು ನನ್ನ ಕಣ್ಣೆದುರಿಗೇ ನನ್ನ ಮಾವನಿಗೆ ಆಯಿತು. ದಾವಣಗೆರೆ ಊರು ಮಾತ್ರ ವ್ಯಾಪಾರದ ಬಲದಿಂದಲೂ, 1958ರಲ್ಲಿ ಆರಂಭವಾದ ಬಾಪೂಜಿ ವಿದ್ಯಾಸಂಸ್ಥೆಯಂಥ ಸಂಸ್ಥೆಗಳ ಕಾಲೇಜುಗಳಿಂದಲೂ ಮತ್ತೆ ಎದ್ದು ನಿಂತಿತು. ಊರು ಏಳುವುದಕ್ಕೂ ಮನುಷ್ಯ ಏಳುವುದಕ್ಕೂ ಬೇಕಾಗುವ ಕಾಲ ಒಂದೇ ಅಲ್ಲ.

ದುರ್ಗಕ್ಕೆ ಹತ್ತಿರದಲ್ಲೇ ಇನ್ನೊಂದು ಆಸೆ ಹುಟ್ಟಿತ್ತು. ಇಂಗಳದಾಳಿನ ಗುಡ್ಡಗಳಲ್ಲಿ ಪ್ರಾಚೀನರು ತಾಮ್ರ ತೆಗೆದ ಕುರುಹುಗಳಿವೆ. ಸ್ವಾತಂತ್ರ್ಯಾನಂತರ ಅಲ್ಲಿ ಮತ್ತೆ ಗಣಿ ತೆರೆಯಿತು; ಚಿತ್ರದುರ್ಗ ತಾಮ್ರ ಕಂಪನಿ ಎಂಬ ಹೆಸರಿನಲ್ಲಿ ನಡೆದು, ಮುಂದೆ ಹಟ್ಟಿ ಚಿನ್ನದ ಗಣಿ ಕಂಪನಿಯ ಘಟಕವಾಯಿತು. ಆ ತಾಮ್ರದ ಕೆಲಸವೂ ನಿಂತುಹೋಯಿತು. ಹಿರಿಯೂರಿನಲ್ಲಿ ವಾಣೀವಿಲಾಸದ ನೀರಿನ ಕಬ್ಬನ್ನು ನೆಚ್ಚಿ ಸಹಕಾರಿ ಸಕ್ಕರೆ ಕಾರ್ಖಾನೆ ಬಂತು. ಕಬ್ಬಿಗೆ ನೀರು ಬೇಕು, ನೀರಿಗೆ ಮಳೆ ಬೇಕು. ಆ ಕಾರ್ಖಾನೆಯೂ ಮುಚ್ಚಿತು. ಚಳ್ಳಕೆರೆಯಲ್ಲಿ ಶೇಂಗಾದ ಎಣ್ಣೆಯ ಗಿರಣಿಗಳು ಊರಿಗೆ ಎಣ್ಣೆಯ ನಗರವೆಂಬ ಹೆಸರು ತಂದವು. ಹೊರಗಿನಿಂದ ಬಂದ ಅಗ್ಗದ ತಾಳೆಯೆಣ್ಣೆ ಅವುಗಳ ಶಕ್ತಿಯನ್ನು ಉಡುಗಿಸಿತು.

ಇತ್ತೀಚಿನ ಅಧ್ಯಾಯ ಕಬ್ಬಿಣದ ಅದಿರಿನದು. ಚಿತ್ರದುರ್ಗ, ಹೊಳಲ್ಕೆರೆಗಳ ನಡುವೆ ಭೀಮಸಮುದ್ರದ ಸುತ್ತಿನ ಗುಡ್ಡಗಳಿಗೆ ಹೊಸ ಶತಮಾನದ ಆರಂಭದಲ್ಲಿ ಇದ್ದಕ್ಕಿದ್ದಂತೆ ಬೆಲೆ ಬಂತು. ಭೀಮಸಮುದ್ರವೆಂದರೆ ಅದುವರೆಗೆ ಅಡಿಕೆಯ ವ್ಯಾಪಾರಕ್ಕೆ ಹೆಸರಾದ ಊರು. ಲಾರಿಗಳ ಸಾಲು, ಕೆಂಪು ಧೂಳು, ಚಹದ ಅಂಗಡಿ, ಪಂಕ್ಚರ್ ಅಂಗಡಿ, ಸಾಲ ಮಾಡಿ ಲಾರಿ ಕೊಂಡ ರೈತನ ಮಗ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನು ತಡೆಯಿತು. ಕಾನೂನು ಮೀರಿದ ಅಗೆತಕ್ಕೆ ಆ ತಡೆ ಬೇಕೇ ಇತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಲಾರಿಯ ಕಂತು ಕಟ್ಟಬೇಕಾದ ಹುಡುಗನಿಗೆ ಅದನ್ನು ವಿವರಿಸುವುದು ಸುಲಭವಾಗಿರಲಿಲ್ಲ. ಮುಂದೆ ಕೆಲವು ಗಣಿಗಳು ಕಟ್ಟುಪಾಡಿನೊಳಗೆ ಮತ್ತೆ ತೆರೆದವು. ಜೋಗಿಮಟ್ಟಿಯ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಅವು ಬಹಳ ವಿದ್ಯುತ್ತು ಕೊಡುತ್ತವೆ, ಕೆಲಸ ಸ್ವಲ್ಪವೇ ಕೊಡುತ್ತವೆ.

ಹಾಗಾದರೆ ಇಂದು ಈ ಸೀಮೆಯ ಅನ್ನದಾತರು ಯಾರು? ಸರ್ಕಾರಿ ಕಚೇರಿಗಳು, ಶಾಲೆಗಳು; ಮಠಗಳು ನಡೆಸುವ ವಿದ್ಯಾಸಂಸ್ಥೆಗಳು, ಆಸ್ಪತ್ರೆಗಳು; ಬೆಂಗಳೂರು-ಪುಣೆ ಹೆದ್ದಾರಿಗೆ ಹೊಸಪೇಟೆಯ ಹೆದ್ದಾರಿ ಕೂಡುವ ದುರ್ಗದ ಕೂಡುರಸ್ತೆಯ ಹೋಟೆಲು, ಗ್ಯಾರೇಜುಗಳು. ಇವುಗಳ ಆಚೆಗೆ ಅಡಿಕೆ, ತೆಂಗು, ದಾಳಿಂಬೆ, ಮೆಕ್ಕೆಜೋಳ, ಈರುಳ್ಳಿ. 2011ರ ಜನಗಣತಿಯಂತೆ ಜಿಲ್ಲೆಯ ಜನ 16.59 ಲಕ್ಷ, ಅವರಲ್ಲಿ ಬಹುಪಾಲು ಹಳ್ಳಿಗಳವರು. ಅಂದರೆ ಎಲ್ಲ ಯಜಮಾನರೂ ಬಂದುಹೋದ ಮೇಲೂ ನಮ್ಮನ್ನು ಸಾಕುತ್ತಿರುವುದು ಹೊಲವೇ, ಹೊಲವನ್ನು ಸಾಕುವುದು ನೀರೇ. ಆ ನೀರನ್ನು ನಾವು ಮೂರು ದಶಕಗಳಿಂದ ಕೊಳವೆಬಾವಿಗಳ ಮೂಲಕ ನೆಲದ ಆಳದಿಂದ ಹೀರಿದೆವು. ಬರಗಾಲದ ಸಾಲು ಬಂದಾಗ ಹಿರಿಯೂರು, ಹೊಸದುರ್ಗಗಳ ತೆಂಗಿನ ತೋಟಗಳು ತಲೆಯಿಲ್ಲದ ಕಂಬಗಳಾಗಿ ನಿಂತದ್ದನ್ನು ಕಂಡವರಿಗೆ ಗಿರಣಿ ಮುಚ್ಚಿದ ನೋಟವನ್ನು ಬೇರೆ ತೋರಿಸಬೇಕಾಗಿಲ್ಲ.

2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ತರುವಾಯ, ವಾಣೀವಿಲಾಸ ಸಾಗರ ಮತ್ತೆ ಕೋಡಿ ಬಿದ್ದಿತು. ನಾನೂ ಜನರ ನಡುವೆ ನಿಂತು ನೋಡಿದೆ. ಮುದುಕಿಯರು ಅರಿಸಿನ ಕುಂಕುಮ ತಂದಿದ್ದರು. ಹುಡುಗರು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದರು. ಪಕ್ಕದಲ್ಲಿದ್ದ ರೈತನೊಬ್ಬ, “ನಮ್ಮಪ್ಪ ಇದನ್ನು ನೋಡ್ದೆ ಹೋದ” ಎಂದ. 2025ರ ಜನವರಿಯಲ್ಲೂ ಕೋಡಿ ಹರಿಯಿತು. ಮಳೆಯ ಜೊತೆಗೆ, ಭದ್ರೆಯ ನೀರನ್ನು ಮೇಲೆತ್ತಿ ಅಜ್ಜಂಪುರದ ಸುರಂಗದ ಮೂಲಕ ವೇದಾವತಿಯ ಕಣಿವೆಗೆ ಹರಿಸಿದುದೂ ಜಲಾಶಯಕ್ಕೆ ಬಲ ತಂದಿದೆ. ಭದ್ರಾ ಮೇಲ್ದಂಡೆಯ ಆ ಯೋಜನೆ ನಾಲ್ಕು ಜಿಲ್ಲೆಗಳ ಎರಡೂಕಾಲು ಲಕ್ಷ ಹೆಕ್ಟೇರಿಗೆ ನೀರು ಕೊಡಬೇಕೆಂಬ ಸಂಕಲ್ಪದ್ದು. ಅದು ನಮ್ಮ ಸೀಮೆಗೆ ಬರಲಿರುವ ಅತಿದೊಡ್ಡ ಯಜಮಾನ. ಮಲೆನಾಡಿನ ತಂಗಿಯಿಂದ ಬಯಲಿನ ಅಕ್ಕ ಕೈಚಾಚಿ ಪಡೆದ ಈ ನೀರನ್ನು ನಾವು ಹೇಗೆ ಖರ್ಚುಮಾಡುತ್ತೇವೆ, ಹಾಳುಬಿದ್ದ ಸಣ್ಣ ಕೆರೆಗಳನ್ನು ತುಂಬಿಸಿಕೊಳ್ಳುತ್ತೇವೆಯೋ ಇಲ್ಲವೋ ಎಂಬುದನ್ನು ಯಾವ ಎಂಜಿನಿಯರನೂ ನಮಗಾಗಿ ತೀರ್ಮಾನಿಸಲಾರ.

ಮೊಮ್ಮಗನ ಪ್ರಶ್ನೆಗೆ ಮರಳುತ್ತೇನೆ. ಮರುದಿನ ಅವನನ್ನು ಸಂತೆ ಹೊಂಡದ ಬಳಿ ಕರೆದುಕೊಂಡು ಹೋಗಿ, ಬೆಟ್ಟದ ಮೇಲೆ ಬಿದ್ದ ಮಳೆ ಮೆಟ್ಟಿಲಿಳಿದು ಬರುತ್ತಿದ್ದ ದಾರಿಯನ್ನು ತೋರಿಸಿದೆ. “ಇದು ನಮ್ಮ ಊರಿನ ಹಳೆಯ ಕಾರ್ಖಾನೆ” ಎಂದೆ. ಅವನು ನಕ್ಕ. “ಇದರಲ್ಲಿ ಎಷ್ಟು ಜನಕ್ಕೆ ಕೆಲಸ ತಾತ?” ಎಂದ. ನಾನು ಲೆಕ್ಕ ಹಾಕಲು ಹೋಗಲಿಲ್ಲ. ಹೊಂಡದ ದಡದಲ್ಲಿ ತೇಲುತ್ತಿದ್ದ ಪ್ಲಾಸ್ಟಿಕ್ ಚೀಲಗಳನ್ನು ಅವನು ನೋಡುತ್ತಿದ್ದ. ಆಮೇಲೆ ಅವನೇ ಕೇಳಿದ: “ಇದನ್ನು ಯಾರು ತೊಳೆಯಬೇಕು?”

ಮೊದಲ ಪ್ರಶ್ನೆಗಿಂತ ಈ ಎರಡನೆಯ ಪ್ರಶ್ನೆಯೇ ನಮ್ಮ ಸೀಮೆಗೆ ಹೆಚ್ಚು ಅಗತ್ಯವಾದದ್ದೆಂದು ನನಗೆ ತೋರಿತು.